ಯಾವ ಬಣ್ಣ ಯಾವುದಕ್ಕೆ ಅಂಜುತ್ತೆ?

ಹೊಸಪೇಟೆಯಿಂದ ಸಂಡೂರಿಗೆ ಕಿಟಕಿ ಪಕ್ಕ ಕೂತು ಬಸ್ಸಲ್ಲಿ ಹೋಗಿ ಬಂದವರ ಬಿಳಿ ಅಂಗಿಗೆ ಏನಾಗುತ್ತೆ ಅಂತ ನಮ್ಮ ಕಾಲೇಜಿನವರಿಗೆ ಹೇಳಬೇಕಾಗಿಲ್ಲ. ಆ ಕೆಂಪು ಧೂಳು, ಅಜ್ಜಿ ಮನೆಯ ರೆಡಾಕ್ಸೈಡ್ ನೆಲ, ಕಿಟಕಿ ಸರಳಿಗೆ ಬಳಿಯುವ ಪ್ರೈಮರ್, ಗುಡಿ ಗೋಡೆಯ ಸುಣ್ಣ-ಕೆಮ್ಮಣ್ಣಿನ ಪಟ್ಟೆ, ಚಿತ್ರಕಾರರು ಕೊಳ್ಳುವ ‘ಇಂಡಿಯನ್ ರೆಡ್’ ಟ್ಯೂಬು – ಈ ಐದಕ್ಕೂ ಕೆಂಪು ಬರೋದು ಒಂದೇ ವಸ್ತುವಿನಿಂದ. ಅದು ಫೆರಿಕ್ ಆಕ್ಸೈಡ್. ಇದರ ನೀರು ಹಿಡಿದ ರೂಪವನ್ನೇ ನಾವು ಕೆಮಿಸ್ಟ್ರಿಯಲ್ಲಿ ‘ತುಕ್ಕು’ ಅಂತ ಓದಿ, ತಡೆಯೋದು ಹೇಗೆ ಎಂದು ಪರೀಕ್ಷೆಯಲ್ಲಿ ಬರೆದು ಬಂದಿದ್ದೇವೆ. ಅದನ್ನೇ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು ಅನ್ನೋದನ್ನು ಮಾತ್ರ ಯಾವ ಸೆಮಿಸ್ಟರಿನಲ್ಲೂ ಓದಿರಲಿಲ್ಲ. ಅದನ್ನು ಕಲಿತದ್ದು ಹೊಸಪೇಟೆಯ ಒಂದು ಬಣ್ಣದಂಗಡಿಯಲ್ಲಿ.

ಹೋದ ಕಾರಣ ಇಷ್ಟೇ. ಚಿತ್ರಕಲೆ ಓದುತ್ತಿರುವ ನಮ್ಮ ಗೆಳತಿಗೆ ಕಂಪ್ಲಿ ಕಡೆಯ ಒಂದು ಸರ್ಕಾರಿ ಶಾಲೆಯ ಗೋಡೆ ಸಿಕ್ಕಿತ್ತು. ಹತ್ತು ಅಡಿ ಉದ್ದ, ಆರು ಅಡಿ ಎತ್ತರ, ಪಶ್ಚಿಮಕ್ಕೆ ಮುಖ. ಅಂದರೆ ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು. ಹೊಳೆ, ಹರಗೋಲು, ಭತ್ತದ ಗದ್ದೆ, ನಡುವೆ ಒಬ್ಬ ಲಂಬಾಣಿ ಅಜ್ಜಿ ಕೂತು ಕಸೂತಿ ಹಾಕ್ತಿರೋದು – ಇದು ಚಿತ್ರ. ಮೇಷ್ಟ್ರುಗಳು ಸೇರಿಸಿ ಕೊಟ್ಟ ದುಡ್ಡು 3,000 ರೂಪಾಯಿ. ಹೆಡ್‌ಮಾಸ್ಟರರ ಷರತ್ತು ಒಂದೇ: “ಈಗ ಒಂದನೇ ಕ್ಲಾಸಿನಾಗ ಇರೋ ಹುಡುಗ್ರು ಏಳನೇ ಕ್ಲಾಸ್ ದಾಟೋತನಕ ಚಿತ್ರ ಇರಬೇಕು ನೋಡವ್ವ. ಎರಡು ವರ್ಷಕ್ಕ ಬೆಳ್ಳಗಾದ್ರ ಮತ್ತ ದುಡ್ಡು ಎಲ್ಲಿಂದ ತರೋದು?”

ಏಳು ವರ್ಷ, ಪಶ್ಚಿಮದ ಬಿಸಿಲು, ಮೂರು ಸಾವಿರ. ಇದು ಪಕ್ಕಾ ಇಂಜಿನಿಯರಿಂಗ್ ಪ್ರಶ್ನೆ ಅಂತ ಅವಳೇ ನಮ್ಮನ್ನು ಎಳೆದುಕೊಂಡು ಹೋದಳು.

ಅಂಗಡಿ

ಅಂಗಡಿಯ ಹೆಸರು ಬರೆಯೋದು ಬೇಡ ಅಂದಿದ್ದಾರೆ ಅಜ್ಜ. ಹೊರಗಿಂದ ನೋಡಿದರೆ ಸಾಧಾರಣ ಬುಕ್‌ಸ್ಟಾಲ್: ನೋಟ್‌ಬುಕ್ಕು, ಚಾರ್ಟ್ ಪೇಪರ್, ಪ್ರಾಜೆಕ್ಟ್ ಫೈಲು. ಒಳಗೆ ಹೋದರೆ ಬೇರೆಯದೇ ಲೋಕ. ರಂಗೋಲಿ ಪುಡಿಯ ಚೀಲಗಳು, ಲಾರಿಗಳಿಗೆ ಬರೆಯುವ ಎನಾಮೆಲ್ ಡಬ್ಬಿಗಳು, ಗೋಂದಿನ ಗಟ್ಟಿ, ಅಗಸೆ ಎಣ್ಣೆ ಬಾಟ್ಲಿ, ಕಾವಿಯ ಉಂಡೆಗಳು, ಒಂದು ಮೂಲೆಯಲ್ಲಿ ಕ್ಯಾನ್ವಾಸು. ಅಜ್ಜ ಮೊದಲು ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಕುಂಚ ಇಟ್ಟು ಅಂಗಡಿ ಹಾಕಿದರು. ಹಿಂಬದಿ ಗೋಡೆಯ ಮೇಲೆ ಅವರೇ ಬರೆದ ‘ಅ’ ಇಪ್ಪತ್ತು ಥರ ಇದೆ. ಗಿರಾಕಿಗೆ ಅಕ್ಷರದ ಮಾದರಿ ತೋರಿಸೋಕೆ ಬರೆದದ್ದು, ಈಗಲೂ ಹಾಗೇ ಇದೆ.

ವಿಚಿತ್ರ ಅಂದರೆ ಸಾಮಾನು ಜೋಡಿಸಿರುವ ರೀತಿ. ಕಂಪನಿ ಪ್ರಕಾರವೂ ಇಲ್ಲ, ಬೆಲೆ ಪ್ರಕಾರವೂ ಇಲ್ಲ. ನಾಲ್ಕು ಹಲಗೆ, ನಾಲ್ಕಕ್ಕೂ ಸೀಮೆಸುಣ್ಣದಲ್ಲಿ ಬರೆದ ಹೆಸರು: ‘ನೀರಿಗೆ ಅಂಜೋವು’, ‘ಬಿಸಿಲಿಗೆ ಅಂಜೋವು’, ‘ಸುಣ್ಣಕ್ಕೆ ಅಂಜೋವು’, ‘ಅಂಜದವು’.

“ಇದೇನಜ್ಜ ಹಿಂಗೆ ಬರೆದೀರಿ?” ಅಂದೆವು.

“ಮತ್ತ ಹೆಂಗ್ ಬರೀಬೇಕು ತಮ್ಮಾ? ಗಿರಾಕಿ ಬಂದು ಕೆಂಪು ಕೊಡ್ರಿ ಅಂತಾನ. ಎಲ್ಲಿಗೆ ಹಚ್ಚತಿ ಅಂತ ಕೇಳದ ಕೊಟ್ರ ನನ್ನ ತಪ್ಪಲ್ಲೇನು?”

ನಾವು ಇಲ್ಲಿ ಬರೆಯುತ್ತಿರೋದು ಆ ನಾಲ್ಕು ಹಲಗೆಗಳ ಹಿಂದಿನ ವಿಜ್ಞಾನ.

ಹಲಗೆ 1: ನೀರಿಗೆ ಅಂಜೋವು

ಬಣ್ಣ ಅಂದರೆ ಒಂದು ವಸ್ತು ಅಲ್ಲ, ಕನಿಷ್ಠ ಎರಡು. ಒಂದು ಬಣ್ಣದ ಪುಡಿ, ಅಂದರೆ ಪಿಗ್ಮೆಂಟ್. ಇನ್ನೊಂದು ಆ ಪುಡಿಯನ್ನು ಗೋಡೆಗೋ ಕಾಗದಕ್ಕೋ ಹಿಡಿದಿಡುವ ಅಂಟು, ಅಂದರೆ ಬೈಂಡರ್. ಹಚ್ಚೋಕೆ ಸಲೀಸಾಗಲಿ ಅಂತ ಬೆರೆಸುವ ನೀರು ಅಥವಾ ಎಣ್ಣೆ ಆಮೇಲೆ ಹಾರಿಹೋಗಬಹುದು ಅಥವಾ ಗಟ್ಟಿಯಾಗಬಹುದು.

ಪುಡಿ ಒಂದೇ ಇದ್ದರೂ ಅಂಟು ಬದಲಾದರೆ ಹೆಸರು ಬದಲಾಗುತ್ತೆ. ಜಾಲಿ ಜಾತಿಯ ಮರದ ಗೋಂದು ಸೇರಿಸಿದರೆ ವಾಟರ್ ಕಲರ್. ಅಗಸೆ ಎಣ್ಣೆ ಸೇರಿಸಿದರೆ ಆಯಿಲ್ ಕಲರ್. ಅಕ್ರಿಲಿಕ್ ಪಾಲಿಮರಿನ ಎಮಲ್ಷನ್ ಸೇರಿಸಿದರೆ ಅಕ್ರಿಲಿಕ್. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟನ್ನು ಬಳಸುತ್ತಾರೆ.

ಗೋಂದು ಒಣಗಿದ ಮೇಲೂ ನೀರಿನಲ್ಲಿ ಕರಗುತ್ತೆ. ಹಾಗಾಗಿ ವಾಟರ್ ಕಲರ್, ಪೋಸ್ಟರ್ ಕಲರ್ ಈ ಹಲಗೆಗೆ ಸೇರಿದವು. ಅಕ್ರಿಲಿಕ್ ಹಾಗಲ್ಲ. ನೀರು ಆರಿದ ಮೇಲೆ ಪಾಲಿಮರಿನ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ, ಮತ್ತೆ ನೀರು ಹಾಕಿದರೆ ಬಿಡೋದಿಲ್ಲ. ಮಳೆ ಬೀಳುವ ಗೋಡೆಗೆ ಬೇಕಾದದ್ದು ಇದು. ಹೊರಗೋಡೆಯ ಎಮಲ್ಷನ್ ಅಂತ ಪೇಂಟ್ ಅಂಗಡಿಯಲ್ಲಿ ಸಿಗುತ್ತಲ್ಲ, ಅದರ ಬೈಂಡರ್ ಸಾಮಾನ್ಯವಾಗಿ ಇದೇ ಕುಟುಂಬದ್ದು.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಅಂಟು ಕಡಿಮೆಯಾಗಿ ಪುಡಿ ಜಾಸ್ತಿಯಾದರೆ ಕಣಗಳ ನಡುವಿನ ಸಂದು ತುಂಬೋದಿಲ್ಲ, ಬಣ್ಣ ಕೈಗೆ ಹತ್ತುತ್ತೆ. ಹಳೇ ಗೋಡೆಗೆ ಒರಗಿದಾಗ ಅಂಗಿಗೆ ಹತ್ತುವ ಬಿಳಿ ಪುಡಿ ನೋಡಿದ್ದೀರಲ್ಲ, ಅಲ್ಲಿ ಕೈಕೊಟ್ಟಿರೋದು ಪಿಗ್ಮೆಂಟ್ ಅಲ್ಲ, ಅಂಟು. ಅಗ್ಗವಾಗಲಿ ಅಂತ ಎಮಲ್ಷನ್ನಿಗೆ ಒಣಪುಡಿ ಸುರೀತಾ ಹೋದರೆ ಆಗೋದೂ ಇದೇ.

ಹಲಗೆ 2: ಬಿಸಿಲಿಗೆ ಅಂಜೋವು

ಇದರಲ್ಲಿ ರಂಗೋಲಿ ಪುಡಿ, ಸ್ಕೆಚ್ ಪೆನ್ನು, ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳಿದ್ದವು. ರಂಗೋಲಿ ಪುಡಿಯ ಬಹುಪಾಲು ಬಿಳಿ ಕಲ್ಲಿನ ಪುಡಿ, ಅದಕ್ಕೆ ಬಣ್ಣ ಹತ್ತಿಸಿರುತ್ತಾರೆ. ಬೆಳಗ್ಗೆ ಹಾಕಿ ಸಂಜೆ ಗುಡಿಸೋದಕ್ಕೆ ಅಷ್ಟು ಸಾಕು.

ಡೈ ಮತ್ತು ಪಿಗ್ಮೆಂಟಿನ ವ್ಯತ್ಯಾಸ ಇಲ್ಲಿ ಬೇಕು. ಡೈ ಕರಗುತ್ತೆ, ಪಿಗ್ಮೆಂಟ್ ಕರಗೋದಿಲ್ಲ. ಬಟ್ಟೆ ಮತ್ತು ದಾರಕ್ಕೆ ಡೈ ಬೇಕು, ಏಕೆಂದರೆ ಅದು ನೂಲಿನ ಒಳಗೇ ಇಳಿಯುತ್ತೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಆ ಕಸೂತಿಯ ಅಂದ ಇರೋದೇ ದಾರದ ಬಣ್ಣಗಳಲ್ಲಿ. ಆದರೆ ದಾರಕ್ಕೆ ಒಗ್ಗಿದ ಡೈ ಬಿಸಿಲಿನ ಗೋಡೆಗೆ ಒಗ್ಗಬೇಕೆಂದೇನೂ ಇಲ್ಲ.

ಕಾರಣ ಲೆಕ್ಕದಲ್ಲೇ ಇದೆ. ನೆಲ ಮುಟ್ಟುವ ಬಿಸಿಲಿನಲ್ಲಿ 300ರಿಂದ 400 ನ್ಯಾನೋಮೀಟರಿನ ಅತಿನೇರಳೆ ಕಿರಣ ಇರುತ್ತೆ. ಅದರ ಒಂದು ಫೋಟಾನಿನ ಶಕ್ತಿ ಸುಮಾರು 3.1ರಿಂದ 4.1 ಎಲೆಕ್ಟ್ರಾನ್ ವೋಲ್ಟ್. ಎರಡು ಕಾರ್ಬನ್ ಪರಮಾಣುಗಳ ನಡುವಿನ ಒಂಟಿ ಬಂಧ ಮುರಿಯೋಕೆ ಬೇಕಾದ್ದು ಸುಮಾರು 3.6. ಅಂದರೆ ಬಿಸಿಲಿನ ಕೆಲವು ಫೋಟಾನುಗಳಿಗೆ ಆ ತಾಕತ್ತು ಇದೆ. ಅನೇಕ ಡೈಗಳ ಬಣ್ಣ ಕಾರ್ಬನ್ ಬಂಧಗಳ ಉದ್ದ ಸರಪಳಿಯಿಂದ ಬರುತ್ತೆ. ಗಾಳಿಯ ಆಮ್ಲಜನಕ ಜೊತೆ ಸೇರಿದಾಗ ಆ ಸರಪಳಿ ಒಂದೊಂದೇ ಕಡೆ ತುಂಡಾಗುತ್ತಾ ಹೋಗಿ ಬಣ್ಣ ಮಾಸುತ್ತೆ.

ಒಳ್ಳೆಯ ಚಿತ್ರಕಲೆ ಟ್ಯೂಬುಗಳ ಮೇಲೆ ಇದರ ಮಾಹಿತಿ ಮುದ್ರಿಸಿರುತ್ತಾರೆ. ಕೆಲವರು ನಕ್ಷತ್ರ ಕೊಡುತ್ತಾರೆ, ಕೆಲವರು ಅಮೆರಿಕದ ಎ.ಎಸ್.ಟಿ.ಎಂ. ಪದ್ಧತಿಯ ಅಂಕಿ ಹಾಕುತ್ತಾರೆ. ಅದರಲ್ಲಿ ಒಂದು ಅಂದರೆ ಅತ್ಯುತ್ತಮ.

ಹಲಗೆ 3: ಸುಣ್ಣಕ್ಕೆ ಅಂಜೋವು

ನಮ್ಮ ಗೆಳತಿ ಮೊದಲು ಕೈ ಹಾಕಿದ್ದು ಈ ಹಲಗೆಯ ನೀಲಿಗೆ. ಹೊಳೆ ಬರೀಬೇಕಲ್ಲ. ಅದು ಪ್ರಷ್ಯನ್ ಬ್ಲೂ. ಅಜ್ಜ ಕೈ ಹಿಡಿದರು: “ಗೋಡಿಗೆ ಹೊಸಾ ಗಾರೆ ಹಾಕ್ಯಾರೋ ಹೆಂಗ?”

ಹೊಸ ಸಿಮೆಂಟ್ ಗಾರೆಯ ಪಿ.ಎಚ್. 12ರಿಂದ 13ರ ಹತ್ತಿರ ಇರುತ್ತೆ. ಅಷ್ಟು ಕ್ಷಾರದಲ್ಲಿ ಪ್ರಷ್ಯನ್ ಬ್ಲೂ ಒಡೆದು ಕಬ್ಬಿಣದ ಹೈಡ್ರಾಕ್ಸೈಡ್ ಆಗುತ್ತೆ, ನೀಲಿ ಹೋಗಿ ಕಂದು ಬರುತ್ತೆ. ಹೊಳೆ ಬರೆದರೆ ಕೆಸರು ಆಗೋ ಕಥೆ! ಅದಕ್ಕೇ ಹೊಸ ಗಾರೆಯನ್ನು ಸುಮಾರು ನಾಲ್ಕು ವಾರ ಕ್ಯೂರಿಂಗ್ ಆಗಿ ಒಣಗೋಕೆ ಬಿಡಬೇಕು, ಆಮೇಲೆ ಪ್ರೈಮರ್, ಆಮೇಲೆ ಬಣ್ಣ.

ಸುಣ್ಣಕ್ಕೆ ಅಂಜದ ನೀಲಿ ಅಲ್ಟ್ರಾಮರೀನ್. ಒಂದು ಕಾಲಕ್ಕೆ ಅಫ್ಘಾನಿಸ್ತಾನದಿಂದ ಬರುತ್ತಿದ್ದ ಲಾಜವರ್ದ ಕಲ್ಲನ್ನು ಅರೆದು ಮಾಡುತ್ತಿದ್ದ ದುಬಾರಿ ಬಣ್ಣ ಅದು. 1828ರಲ್ಲಿ ಫ್ರಾನ್ಸಿನ ಗಿಮೆ ಅದನ್ನು ಕೃತಕವಾಗಿ ತಯಾರಿಸಿ ಬಹುಮಾನ ಗೆದ್ದ. ಆಮೇಲೆ ಎಷ್ಟು ಅಗ್ಗವಾಯಿತು ಅಂದರೆ, ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯಾಗಿ ನಮ್ಮ ಬಚ್ಚಲಮನೆಗೇ ಬಂತು. ಆದರೆ ಅಲ್ಟ್ರಾಮರೀನಿಗೆ ಹುಳಿ ಆಗೋದಿಲ್ಲ. ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಬಿಟ್ಟರೆ ನೀಲಿ ಮಾಯವಾಗಿ ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಎರಡು ನೀಲಿಗಳಲ್ಲಿ ಯಾವುದು ಯಾವುದು ಅಂತ ಲ್ಯಾಬಿನಲ್ಲಿ ಹೀಗೇ ಗುರುತಿಸಬಹುದು: ಕ್ಷಾರಕ್ಕೆ ಕಂದಾದರೆ ಪ್ರಷ್ಯನ್, ಆಮ್ಲಕ್ಕೆ ಬೆಳ್ಳಗಾದರೆ ಅಲ್ಟ್ರಾಮರೀನ್.

ಇದೇ ಹಲಗೆಯಲ್ಲಿ ಹಿಂದೆ ಕ್ರೋಮ್ ಹಳದಿಯೂ ಇತ್ತಂತೆ. ಅದು ಲೆಡ್ ಕ್ರೋಮೇಟ್. ಕ್ಷಾರಕ್ಕೂ ಆಗದು, ಮಕ್ಕಳಿಗಂತೂ ಸೀಸ ಸೇರಲೇಬಾರದು. ಮನೆ ಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚಿರಕೂಡದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ಶಾಲೆಯ ಗೋಡೆಗೆ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಇದನ್ನು ಓದೋದು ಕಡ್ಡಾಯ ಅಂತ ನಮ್ಮ ಅಭಿಪ್ರಾಯ.

ಹಲಗೆ 4: ಅಂಜದವು

ಕೆಳಗಿನ ಹಲಗೆ. ಧೂಳು ಹಿಡಿದ ಪೊಟ್ಟಣಗಳು: ಕೆಂಪು ಆಕ್ಸೈಡ್, ಹಳದಿ ಆಕ್ಸೈಡ್, ಕಪ್ಪು ಆಕ್ಸೈಡ್, ಪಕ್ಕದಲ್ಲಿ ಕಾವಿಯ ಉಂಡೆ. ಇಡೀ ಅಂಗಡಿಯಲ್ಲಿ ಅಗ್ಗದ ಹಲಗೆ ಇದೇ. ಮೂರೂ ಕಬ್ಬಿಣದ ಆಕ್ಸೈಡುಗಳು. ಕೆಂಪು ಅಂದರೆ ಹೆಮಟೈಟ್, ಹಳದಿ ಅಂದರೆ ನೀರಿನಂಶ ಸೇರಿದ ಗೋಥೈಟ್, ಕಪ್ಪು ಅಂದರೆ ಮ್ಯಾಗ್ನೆಟೈಟ್.

ಅಜ್ಜನ ಗಲ್ಲಾಪೆಟ್ಟಿಗೆ ಮೇಲೆ ಬಿಲ್ಲು ಹಾರದಂತೆ ಒಂದು ಕಲ್ಲು ಇತ್ತು. ಉಕ್ಕಿನ ಹಾಗೆ ಬೂದು ಬಣ್ಣ, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಸಂಡೂರಿನ ಅದಿರು. “ಇದು ಯಾವ ಬಣ್ಣ?” ಅಂದರು. ಬೂದು ಅಂದೆವು. ಒಂದು ಟೈಲಿನ ಒರಟು ಹಿಂಬದಿಗೆ ಅದನ್ನು ಉಜ್ಜಿ ತೋರಿಸಿದರು. ರಕ್ತದಂಥ ಕೆಂಪು ಗೆರೆ ಬಂತು. ಖನಿಜಶಾಸ್ತ್ರದಲ್ಲಿ ಇದಕ್ಕೆ ಸ್ಟ್ರೀಕ್ ಪರೀಕ್ಷೆ ಅಂತಾರೆ. ಹೆಮಟೈಟ್ ಅನ್ನುವ ಹೆಸರೇ ರಕ್ತ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಗಟ್ಟಿಯಾಗಿದ್ದಾಗ ಬೂದು, ಪುಡಿಯಾದಾಗ ಕೆಂಪು. ಪುಡಿಯ ಗಾತ್ರ ಬದಲಾದರೆ ಕೆಂಪೂ ಬದಲಾಗುತ್ತೆ: ಕಣ 0.1 ಮೈಕ್ರಾನಿನ ಹತ್ತಿರ ಇದ್ದರೆ ಕಿತ್ತಳೆಗೆ ವಾಲುವ ಕೆಂಪು, 1 ಮೈಕ್ರಾನಿನ ಹತ್ತಿರ ಹೋದರೆ ನೇರಳೆಗೆ ವಾಲುವ ಕೆಂಪು.

ಇದು ಯಾಕೆ ಮಾಸೋದಿಲ್ಲ? ಇದರಲ್ಲಿ ಮುರಿಯೋಕೆ ಕಾರ್ಬನ್ ಸರಪಳಿಯೇ ಇಲ್ಲ. ಕಬ್ಬಿಣ ಆಮ್ಲಜನಕದ ಜೊತೆ ಸೇರಬೇಕಾದಷ್ಟು ಸೇರಿ ಆಗಿದೆ. ತುಕ್ಕು ಹಿಡಿದು ಮುಗಿದದ್ದಕ್ಕೆ ಇನ್ನೇನು ತುಕ್ಕು ಹಿಡಿಯಬೇಕು? ನೀರಿನಲ್ಲಿ ಕರಗೋದಿಲ್ಲ, ಸುಣ್ಣಕ್ಕೆ ಜಗ್ಗೋದಿಲ್ಲ, ಬಿಸಿಲನ್ನು ಲೆಕ್ಕಕ್ಕಿಡೋದಿಲ್ಲ.

ಸಾಕ್ಷಿಗೆ ದೂರ ಹೋಗಬೇಕಾಗಿಲ್ಲ. ಕಂಪ್ಲಿಯಿಂದ ಹೊಳೆ ದಾಟಿ ಗಂಗಾವತಿ ಕಡೆ ಹೋದರೆ ಹಿರೇಬೆಣಕಲ್ ಗುಡ್ಡ. ಅಲ್ಲಿ ಬೃಹತ್ ಶಿಲಾ ಸಮಾಧಿಗಳ ಜೊತೆಗೆ ಬಂಡೆಗಳ ಮೇಲೆ ಕಾವಿಯಲ್ಲಿ ಬರೆದ ಮನುಷ್ಯರು, ಪ್ರಾಣಿಗಳು ಇನ್ನೂ ಇವೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ 1510ರ ಹೊತ್ತಿಗೆ ಆದದ್ದು. ಅದರ ಒಳಛಾವಣಿಯಲ್ಲಿ ಗಿರಿಜಾ ಕಲ್ಯಾಣ, ಅರ್ಜುನನ ಮತ್ಸ್ಯಯಂತ್ರ, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ ಇವೆ. ಕತ್ತೆತ್ತಿ ನೋಡಿ, ಅಲ್ಲಿ ಮೆರೆಯೋದು ಕೆಂಪು ಮಣ್ಣಿನ ಬಣ್ಣವೇ. ಛಾವಣಿಯಡಿ ಮಳೆ ಬಿಸಿಲು ತಾಗದಿದ್ದದ್ದೂ ನೆರವಾಗಿದೆ ಅನ್ನಿ. ಆದರೆ ಹಿರೇಬೆಣಕಲ್ಲಿನ ಬಂಡೆಗೆ ಮಂಟಪ ಕಟ್ಟಿಸಿದವರು ಯಾರೂ ಇಲ್ಲ.

ಟ್ಯೂಬು ಓದುವ ವಿಧಾನ

ಹೆಸರು ನಂಬಬೇಡಿ, ಕೋಡ್ ನೋಡಿ. ‘ಇಂಡಿಯನ್ ರೆಡ್’, ‘ಲೈಟ್ ರೆಡ್’, ‘ವೆನೀಷಿಯನ್ ರೆಡ್’ ಅಂತ ಮೂರು ಹೆಸರಿದ್ದರೂ ಮೂರರ ಮೇಲೂ ‘ಪಿಆರ್ 101’ ಅಂತಿದ್ದರೆ ಒಳಗಿರೋದು ಕೃತಕ ಕೆಂಪು ಆಕ್ಸೈಡೇ. ‘ಪಿಆರ್ 102’ ಅಂದರೆ ಸಹಜ ಕಾವಿ. ‘ಪಿವೈ 42’ ಕೃತಕ ಹಳದಿ ಆಕ್ಸೈಡ್, ‘ಪಿವೈ 43’ ಹಳದಿ ಮಣ್ಣು. ‘ಪಿಬಿ 29’ ಅಲ್ಟ್ರಾಮರೀನ್, ‘ಪಿಬಿ 27’ ಪ್ರಷ್ಯನ್. ‘ಪಿಡಬ್ಲ್ಯೂ 6’ ಟೈಟಾನಿಯಂ ಬಿಳಿ. ಕೋಡೇ ಇಲ್ಲದ ಟ್ಯೂಬನ್ನು ಅಭ್ಯಾಸಕ್ಕೆ ಕೊಳ್ಳಿ, ಉಳಿಯಬೇಕಾದ ಕೆಲಸಕ್ಕೆ ಬೇಡ. ದುಬಾರಿ ಟ್ಯೂಬಿನ ದುಡ್ಡು ಪೂರ್ತಿ ದಂಡ ಅಂತ ಇದರರ್ಥ ಅಲ್ಲ. ನುಣ್ಣಗೆ ಅರೆದಿರೋದಕ್ಕೆ, ಕಲ್ಲಿನ ಪುಡಿ ಬೆರೆಸದೆ ಇರೋದಕ್ಕೆ, ಒಳ್ಳೆ ಅಂಟಿಗೆ ಬೆಲೆ ಇದೆ. ಕ್ಯಾನ್ವಾಸಿಗೆ ಅದು ಬೇಕು. ಅರವತ್ತು ಚದರ ಅಡಿ ಗೋಡೆಗೆ ಬೇಕಾಗಿಲ್ಲ.

ಕುಂಚದ ವಿಷಯದಲ್ಲೂ ಒಂದು ಮಾತು. ಮುಂಗುಸಿ ಕೂದಲಿನ ಕುಂಚ ಎಲ್ಲಾದರೂ ತೋರಿಸಿದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಆ ವ್ಯಾಪಾರ ಅಪರಾಧ. ಗೋಡೆ ಕೆಲಸಕ್ಕೆ ನೈಲಾನ್ ಕುಂಚವೇ ಚೆನ್ನ.

ಗುಲಾಬಿಯ ತೊಂದರೆ

ಇಷ್ಟೆಲ್ಲ ಆದ ಮೇಲೆ ಪಟ್ಟಿ ಸಲೀಸಾಯಿತು: ಹೊರಗೋಡೆಯ ಬಿಳಿ ಎಮಲ್ಷನ್, ಪ್ರೈಮರ್, ಮೂರು ಆಕ್ಸೈಡು, ಅಲ್ಟ್ರಾಮರೀನ್. ಹೊಳೆ, ಹರಗೋಲು, ಗುಡ್ಡ, ಮೈಬಣ್ಣ ಎಲ್ಲ ಇದರಲ್ಲೇ ಆಗುತ್ತೆ. ಹಳದಿಗೆ ನೀಲಿ ಬೆರೆಸಿದರೆ ಗದ್ದೆಯ ಮಂಕು ಹಸಿರೂ ಬರುತ್ತೆ. ಉಳಿದದ್ದು ಲಂಬಾಣಿ ಅಜ್ಜಿಯ ಲಂಗದ ರಾಣಿ ಪಿಂಕ್.

ನಾವು ಇಂಜಿನಿಯರುಗಳ ಥರ ಸಲಹೆ ಕೊಟ್ಟೆವು: “ಲಂಗಾನೂ ಕಾವಿಯಲ್ಲೇ ಬರೆದುಬಿಡು, ಯಾರು ಕೇಳ್ತಾರೆ?”

ಅವಳು ಒಪ್ಪಲಿಲ್ಲ. “ಆ ಶಾಲೇಲಿ ಅರ್ಧ ಮಕ್ಕಳು ತಾಂಡಾದಿಂದ ಬರ್ತಾರೆ. ಅವರಜ್ಜಿ ಲಂಗದ ಬಣ್ಣ ಅವರಿಗೆ ಗೊತ್ತು. ಮಣ್ಣಿನ ಬಣ್ಣದಲ್ಲಿ ಬರೆದರೆ ಅದು ಅವರಜ್ಜಿ ಅಲ್ಲ, ಬೇರೆ ಯಾರೋ.”

ಮಣ್ಣಿನಲ್ಲಿ ಆ ಗುಲಾಬಿ ಇಲ್ಲ. ಅಗ್ಗದ ಗುಲಾಬಿಗಳೆಲ್ಲ ಎರಡನೇ ಹಲಗೆಯವು. ದಾರಿ ಅಜ್ಜನೇ ತೋರಿಸಿದರು. ಕೋಡ್ ‘ಪಿವಿ 19’, ಕ್ವಿನಾಕ್ರಿಡೋನ್, 1958ರಲ್ಲಿ ಡ್ಯೂಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ಪಿಗ್ಮೆಂಟ್ ಕುಟುಂಬ. ಅದೂ ಕಾರ್ಬನಿನದ್ದೇ, ಆದರೆ ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಬಿಗಿಯಾಗಿ ಹಿಡಿದು ಹರಳಾಗಿ ಕೂತಿರುತ್ತವೆ. ಹಾಗಾಗಿ ಕರಗೋದೂ ಇಲ್ಲ, ಬಿಸಿಲಿಗೆ ಬೇಗ ಸೋಲೋದೂ ಇಲ್ಲ. ಬೆಲೆ ಮಾತ್ರ ಜಾಸ್ತಿ. ಒಂದು ಅಕ್ರಿಲಿಕ್ ಟ್ಯೂಬು ಕೊಂಡೆವು. ಅದು ಲಂಗಕ್ಕೆ ಮಾತ್ರ, ಬೇರೆಲ್ಲೂ ಒಂದು ಹನಿ ಇಲ್ಲ. ಉಳಿದ ಎಲ್ಲ ಕಡೆ ಅಗ್ಗದ ಮಣ್ಣು ಬಳಸಿದ್ದರಿಂದಲೇ ಈ ಒಂದು ಟ್ಯೂಬಿಗೆ ದುಡ್ಡು ಮಿಕ್ಕಿತು. ಡಿಸೈನ್ ಕ್ಲಾಸಿನಲ್ಲಿ ಸಾಮಗ್ರಿ ಆಯ್ಕೆ ಅಂತ ಓದುವ ಪಾಠ ಇದೇ ಅಲ್ವಾ? ಭಾರ ಎಲ್ಲಿ ಬೀಳುತ್ತೋ ಅಲ್ಲಿ ಮಾತ್ರ ದುಬಾರಿ ಉಕ್ಕು. ಆದರೆ ಭಾರ ಎಲ್ಲಿ ಬೀಳುತ್ತೆ ಅಂತ ಗುರುತಿಸಿದ್ದು ನಾವಲ್ಲ, ಅವಳು.

ನೀವೇ ಮಾಡಿ ನೋಡಿ

ಒಂದು: ಮಣ್ಣಿನಿಂದ ಬಣ್ಣ. ಹೊಲದ ಅಥವಾ ಮನೆ ಪಾಯದ ಕೆಂಪು ಮಣ್ಣು ಒಂದು ಹಿಡಿ ತನ್ನಿ. ಹಂಪಿಯ ಸ್ಮಾರಕಗಳ ಆವರಣದಿಂದ, ಗಣಿಯಿಂದ ಬೇಡ. ಬಕೆಟ್ ನೀರಲ್ಲಿ ಕದಡಿ ಅರ್ಧ ನಿಮಿಷ ಬಿಟ್ಟು ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಅರ್ಧ ನಿಮಿಷ ಯಾಕೆ? ಸ್ಟೋಕ್ಸ್ ನಿಯಮ. ಮುಳುಗುವ ವೇಗ ವ್ಯಾಸದ ವರ್ಗಕ್ಕೆ ಅನುಪಾತ. 100 ಮೈಕ್ರಾನಿನ ಮರಳ ಕಣ 10 ಸೆಂ.ಮೀ. ಇಳಿಯೋಕೆ ಸುಮಾರು 11 ಸೆಕೆಂಡು ಸಾಕು. 10 ಮೈಕ್ರಾನಿನ ಹೆಮಟೈಟಿಗೆ ಸುಮಾರು 7 ನಿಮಿಷ, 1 ಮೈಕ್ರಾನಿನದಕ್ಕೆ ಸುಮಾರು 12 ತಾಸು ಬೇಕು. ಮರಳು ಕೆಳಗೆ ಕೂತಿರುತ್ತೆ, ಬಣ್ಣ ಮೇಲೆ ತೇಲುತ್ತಿರುತ್ತೆ. ಆ ನೀರನ್ನು ರಾತ್ರಿಯಿಡೀ ಬಿಟ್ಟು, ತಿಳಿ ಚೆಲ್ಲಿ, ಕೆಸರನ್ನು ಒಣಗಿಸಿದರೆ ಪಿಗ್ಮೆಂಟ್ ಸಿದ್ಧ.

ಎರಡು: ಹಳದಿಯಿಂದ ಕೆಂಪು. ಹಳದಿ ಆಕ್ಸೈಡನ್ನು 110 ಡಿಗ್ರಿಯಲ್ಲಿ ಒಣಗಿಸಿ 10 ಗ್ರಾಂ ತೂಗಿ, ಲ್ಯಾಬಿನ ಮಫಲ್ ಫರ್ನೇಸಿನಲ್ಲಿ 350 ಡಿಗ್ರಿಗೆ ಒಂದೆರಡು ತಾಸು ಇಡಿ. ಗೋಥೈಟ್ ನೀರು ಬಿಟ್ಟು ಹೆಮಟೈಟ್ ಆಗುತ್ತೆ, ಕಣ್ಣೆದುರೇ ಕೆಂಪು. ಶುದ್ಧ ಗೋಥೈಟ್ ಆದರೆ ಶೇ. 10ರಷ್ಟು ತೂಕ ಇಳಿಯಬೇಕು. ಇಳಿದದ್ದು ಶೇ. 5 ಅಂದರೆ ಪೊಟ್ಟಣದಲ್ಲಿ ಸುಮಾರು ಅರ್ಧ ಬೇರೇನೋ ಬೆರೆಸಿದ್ದಾರೆ ಅಂತ ಲೆಕ್ಕ. ಪುಡಿ ಮುಟ್ಟುವಾಗ ಮೂಗಿಗೆ ಮಾಸ್ಕ್ ಇರಲಿ.

ಮೂರು: ಬಿಸಿಲ ಪರೀಕ್ಷೆ. ನಿಮ್ಮ ಹತ್ತಿರ ಇರುವ ಎಲ್ಲ ಬಣ್ಣಗಳನ್ನು ಒಂದು ದಪ್ಪ ಕಾಗದದ ಮೇಲೆ ಪಟ್ಟಿ ಪಟ್ಟಿಯಾಗಿ ಹಚ್ಚಿ. ಅರ್ಧ ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಪಶ್ಚಿಮದ ಕಿಟಕಿಗೆ ಮಾರ್ಚ್‌ನಿಂದ ಮೇವರೆಗೆ ಅಂಟಿಸಿ ಇಡಿ. ಹೊಸಪೇಟೆ ಬೇಸಿಗೆ ಪರೀಕ್ಷಕರಿಗಿಂತ ಕಟ್ಟುನಿಟ್ಟು. ಜೂನ್‌ನಲ್ಲಿ ಫಾಯಿಲ್ ಬಿಚ್ಚಿ, ಯಾವ ಪಟ್ಟಿ ಯಾವ ಹಲಗೆಗೆ ಸೇರಬೇಕು ಅಂತ ನೀವೇ ಬರೆದುಕೊಳ್ಳಿ.

ಫಲಿತಾಂಶ ಬಂದವರು ಫೋಟೋ ಸಮೇತ ಸಂಘಕ್ಕೆ ತಂದುಕೊಡಿ. ಶಾಲೆಯ ಗೋಡೆಯ ಫೋಟೋವನ್ನು ನಾವೂ ವರ್ಷಕ್ಕೊಂದು ತೆಗೆದಿಡುತ್ತೇವೆ. ನಾವು ಪಾಸಾಗಿ ಹೋದ ಮೇಲೆ ಆ ಕೆಲಸಕ್ಕೆ ಜೂನಿಯರುಗಳು ಬೇಕು. ಈಗಲೇ ಹೆಸರು ಕೊಟ್ಟರೆ ಒಳ್ಳೇದು.